ಸಗಣಿ ಮುಯ್ಯಿ

ನಮ್ಮ ಅತ್ತೆಯ ಕಣ್ಣಿಗೆ ರೆಪ್ಪೆಗೂದಲು ಇರಲಿಲ್ಲ. ಒಲೆ ಊದಿ ಊದಿ ಸುಟ್ಟುಹೋಗಿತ್ತು. ಕಣ್ಣಿನ ಅಂಚು ಕೆಂಪಗೆ, ಸದಾ ಒದ್ದೆ. ಹೊಸದಾಗಿ ನೋಡಿದವರು ಈ ಹೆಂಗಸು ಈಗಷ್ಟೇ ಅತ್ತು ಬಂದಿದೆ ಅಂದುಕೊಳ್ಳುತ್ತಿದ್ದರು. ಅವರು ಅತ್ತದ್ದನ್ನು ನಾನು ಒಮ್ಮೆಯೂ ನೋಡಿಲ್ಲ. ಮಾವ ಸತ್ತಾಗಲೂ ಇಲ್ಲ.

ನಮ್ಮ ನಡುಗಡ್ಡೆಯ ಮನೆಮನೆಗೂ ಸಗಣಿ ಗ್ಯಾಸು ಬಂದದ್ದು ಅವರಿಂದ. ಈಗ ಅದರ ಬಗ್ಗೆ ಮಾತಾಡುವವರು, ಅವರಿಗೆ ಊರ ಹೆಂಗಸರ ಕಣ್ಣಿನ ಚಿಂತೆ ಇತ್ತು, ಮುಳುಗಡೆ ಜನ ಬೆಳಕು ಕಾಣಲಿ ಎಂಬ ಆಸೆ ಇತ್ತು ಎಂದೆಲ್ಲ ಹೇಳುತ್ತಾರೆ. ಅದೆಲ್ಲ ಸುಳ್ಳು. ಅವರಿಗೆ ಇದ್ದದ್ದು ಮುಯ್ಯಿಯ ಚಿಂತೆ. ಊರವರ ಮುಯ್ಯಿ ತಲೆಯ ಮೇಲೆ ಇಟ್ಟುಕೊಂಡು ಸಾಯಲು ಅವರು ತಯಾರಿರಲಿಲ್ಲ. ನಡೆದದ್ದು ಅಷ್ಟೇ.

ಮುಯ್ಯಿ ಅಂದರೆ ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಮ್ಮ ಗದ್ದೆ ನಾಟಿಗೆ ನೀವು ಬಂದರೆ ನಿಮ್ಮ ಗದ್ದೆ ನಾಟಿಗೆ ನಾವು ಬರಬೇಕು. ನಮ್ಮ ಮಾಡಿಗೆ ನೀವು ಹುಲ್ಲು ಹೊದೆಸಿದರೆ ನಿಮ್ಮ ಮಾಡಿಗೆ ನಾವು ಹೊದೆಸಬೇಕು. ನಾಟಿಗೆ ನಾಟಿಯೇ, ಹೊದಿಕೆಗೆ ಹೊದಿಕೆಯೇ. ದುಡ್ಡು ಕೊಟ್ಟರೆ ತೀರುವುದಿಲ್ಲ, ಅಕ್ಕಿ ಅಳೆದು ಕೊಟ್ಟರೂ ತೀರುವುದಿಲ್ಲ. ತೀರಿಸದವರಿಗೆ ಯಾರೂ ಏನೂ ಅನ್ನುವುದಿಲ್ಲ. ಮುಂದಿನ ವರ್ಷ ಕರೆದರೆ ಬರುವುದಿಲ್ಲ, ಅಷ್ಟೇ. ನಾಲ್ಕು ಕಡೆ ನೀರಿರುವ ಜಾಗದಲ್ಲಿ ಕರೆದರೆ ಯಾರೂ ಬರದ ಮನೆ ಇದ್ದೂ ಇಲ್ಲದ ಹಾಗೆ.

ನಾನು ಆ ಮನೆಗೆ ಸೊಸೆಯಾಗಿ ಬಂದಾಗ ಡ್ಯಾಂ ಕಟ್ಟಿ ಕೆಲವು ವರ್ಷ ಆಗಿತ್ತು. ಶರಾವತಿಯ ಹಿನ್ನೀರು ತಗ್ಗಿನ ಗದ್ದೆಗಳನ್ನೆಲ್ಲ ನುಂಗಿ ಗುಡ್ಡದ ತಲೆಯನ್ನೂ ಅದರ ಮೇಲಿನ ಚೂರುಪಾರು ಗದ್ದೆಯನ್ನೂ ಬಿಟ್ಟಿತ್ತು. ಆ ತಲೆಯ ಮೇಲೆ ನಮ್ಮ ಹತ್ತಿಪ್ಪತ್ತು ಮನೆಗಳು. ಅಂಗಡಿ ತುಮರಿಯಲ್ಲಿ, ಆಸ್ಪತ್ರೆ ಸಾಗರದಲ್ಲಿ. ಎಲ್ಲಿಗೆ ಹೋಗುವುದಾದರೂ ದೋಣಿ ಬೇಕು. ಮಳೆಗಾಲದಲ್ಲಿ ಗಾಳಿ ಎದ್ದರೆ ದೋಣಿ ಇಲ್ಲ, ದೋಣಿ ಇಲ್ಲದಿದ್ದರೆ ಸೀಮೆಎಣ್ಣೆ ಇಲ್ಲ. ನಮ್ಮ ಗದ್ದೆ ಮುಳುಗಿಸಿ ಮಾಡಿದ ಕರೆಂಟು ಎಲ್ಲೆಲ್ಲಿಗೋ ಹೋಯಿತು, ನಮಗೆ ಬರಲಿಲ್ಲ. ಇದನ್ನು ಹೇಳಿ ಹೇಳಿ ನನಗೇ ಬೇಜಾರಾಗಿದೆ, ಮುಂದೆ ಹೋಗೋಣ.

ಕಟ್ಟಿಗೆಯ ಕಥೆ ಇನ್ನೊಂದು. ಬೇಸಿಗೆಯಲ್ಲಿ ನೀರು ಇಳಿದಾಗ ಮುಳುಗಿದ ಕಾಡಿನ ಮರಗಳ ಬೊಡ್ಡೆಗಳು ಕೆಸರಿನಿಂದ ತಲೆ ಎತ್ತುತ್ತಿದ್ದವು. ಹೆಂಗಸರೆಲ್ಲ ಕತ್ತಿ ಹಿಡಿದು ಕೆಸರಿಗೆ ಇಳಿದು ಅದನ್ನು ಕಡಿದು ತರುತ್ತಿದ್ದೆವು. ಇದ್ದಿಲಿನ ಹಾಗೆ ಕಪ್ಪಗಿನ ಕಟ್ಟಿಗೆ. ಎಷ್ಟು ಒಣಗಿಸಿದರೂ ಒಳಗೆ ನೀರು. ಉರಿ ಕಡಿಮೆ, ಹೊಗೆ ಜಾಸ್ತಿ, ಆ ಹೊಗೆಗೂ ಕೊಳೆತ ಕೆಸರಿನ ವಾಸನೆ. ಅತ್ತೆ ಆ ಒಲೆಯ ಮುಂದೆ ನನ್ನನ್ನು ಕೂರಲು ಬಿಡುತ್ತಿರಲಿಲ್ಲ. ಪ್ರೀತಿಯಿಂದಲ್ಲ. ಒಲೆ ಬಿಟ್ಟುಕೊಟ್ಟರೆ ಯಜಮಾನಿಕೆ ಹೋಗುತ್ತದೆ ಎಂದು.

ಒಂದು ಕಣ್ಣಿಗೆ ಪೂರಾ ಮಂಜು ಕವಿದ ಮೇಲೆ ಅವರನ್ನು ಸಾಗರಕ್ಕೆ ಕರೆದುಕೊಂಡು ಹೋದೆ. ಹೊಗೆ ಬಿಡದಿದ್ದರೆ ಇನ್ನೊಂದು ಕಣ್ಣೂ ಹೋಗುತ್ತದೆ ಎಂದರು ಡಾಕ್ಟರು. ವಾಪಸ್ ಬರುವಾಗ ತುಮರಿಯ ಲಾಂಚಿನ ಕಂಬಿ ಹಿಡಿದು ನಿಂತು ಅತ್ತೆ ನನಗೆ ಹೇಳಿದ್ದು ಇಷ್ಟು:

"ಕಣ್ಣು ಹೋದ್ರೆ ಸೌಟು ನಿನ್ನ ಕೈಗೆ ಬರ್ತದೆ ಅಂತ ಕಾಯ್ಬೇಡ."

"ಸೌಟು ನೀವೇ ಇಟ್ಕಳಿ ಅತ್ತೆ. ಕೆಸರಲ್ಲಿ ಬೊಡ್ಡೆ ಕಡಿಯೋದು ಸಾಕಾಗಿದೆ ನಂಗೆ."

ಅವರು ನೀರಿನ ಕಡೆ ತಿರುಗಿದರು. ದಡ ಬರುವ ತನಕ ಯೋಚನೆ ಮಾಡಿದರು ಅಂತ ಕಾಣುತ್ತದೆ. ಮಾರನೇ ವಾರ ಗ್ರಾಮಸೇವಕರು ಬಂದಾಗ ಅವರನ್ನು ಜಗಲಿಯಲ್ಲಿ ಹಿಡಿದು ಕೂರಿಸಿದರು. ಗ್ರಾಮಸೇವಕರೆಂದರೆ ಬ್ಲಾಕ್ ಆಫೀಸಿನಿಂದ ಊರೂರು ತಿರುಗುತ್ತಿದ್ದ ನೌಕರರು. ನೀರಿಗೆ ಹೆದರುವ ಮನುಷ್ಯ, ದೋಣಿಯಲ್ಲಿ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡೇ ಬರುತ್ತಿದ್ದರು. ವರ್ಷದಿಂದ ಎಲ್ಲರಿಗೂ ಗೋಬರ್ ಗ್ಯಾಸ್, ಗೋಬರ್ ಗ್ಯಾಸ್ ಎಂದು ಹೇಳುತ್ತಿದ್ದರು. ಗಂಡಸರು ನಗುತ್ತಿದ್ದರು. ಸಗಣಿಯಿಂದ ಅನ್ನ ಆದರೆ ಗಂಜಲದಿಂದ ಸಾರು ಮಾಡೋಣ ಎಂದು ನಮ್ಮ ಮನೆಯವರೇ ಹೇಳಿದ್ದರು. ಅತ್ತೆ ಅವತ್ತು ನಗಲಿಲ್ಲ. ಹೊಗೆ ಬರ್ತದಾ ಎಂದು ಕೇಳಿದರು. ಇಲ್ಲ ಎಂದರು ಗ್ರಾಮಸೇವಕರು. ಹಾಗಾದರೆ ಗುಂಡಿ ಎಲ್ಲಿ ತೆಗೆಯಬೇಕು ತೋರಿಸಿ ಎಂದು ಎದ್ದು ನಿಂತರು.

ಅತ್ತೆಗೆ ಒಂದು ಮಾತು ರೂಢಿ. ಯಾರಾದರೂ ಆಗದೆ ಇರುವುದಕ್ಕೆ ಕಾರಣ ಹೇಳಿದರೆ ಪೂರ್ತಿ ಕೇಳಿ, "ಆಯ್ತು, ಮುಂದೆ ಎಂತ?" ಎನ್ನುತ್ತಿದ್ದರು. ಸಗಣಿ ಎಲ್ಲ ಗ್ಯಾಸಿಗೆ ಹೋದರೆ ಗದ್ದೆಗೆ ಗೊಬ್ಬರ ಎಲ್ಲಿಂದ ಎಂದರು ನಮ್ಮ ಮನೆಯವರು. ಆಯ್ತು, ಮುಂದೆ ಎಂತ? ನೆಲ ಪೂರ್ತಿ ಜಂಬಿಟ್ಟಿಗೆ ಕಲ್ಲು, ಗುಂಡಿ ಇಳಿಯುವುದಿಲ್ಲ ಎಂದರು. ಆಯ್ತು, ಮುಂದೆ ಎಂತ? ಕಬ್ಬಿಣದ ಡ್ರಮ್ಮು ಬೇಕಂತೆ, ಅದನ್ನು ಈ ನೀರು ದಾಟಿಸುವುದು ಹೇಗೆ ಎಂದರು. ಅದಕ್ಕೆ ಮಾತ್ರ ಅತ್ತೆ ಎದ್ದು ಹೋಗಿ ನೀರಿನ ಅಂಚಿನಲ್ಲಿ ನಿಂತು ಆಚೆ ದಡ ನೋಡಿದರು.

ಗುಂಡಿಯ ಮೇಲೆ ಕವುಚಿ ಹಾಕುವ ಡ್ರಮ್ಮು ಅದು. ಅದರೊಳಗೆ ಗ್ಯಾಸು ತುಂಬಿದಂತೆ ಮೇಲೆ ಏಳುತ್ತದೆ, ಉರಿಸಿದಂತೆ ಇಳಿಯುತ್ತದೆ. ಸಾಗರದಲ್ಲಿ ಮಾಡಿಸಿ ಲಾರಿಯಲ್ಲಿ ಆಚೆ ದಡಕ್ಕೆ ತಂದರು. ಲಾಂಚು ತುಮರಿಯ ಕಡೆಗೆ ಮಾತ್ರ, ನಮ್ಮ ನಡುಗಡ್ಡೆಗೆ ಬರುವುದಿಲ್ಲ. ದೋಣಿಗಿಂತ ಡ್ರಮ್ಮೇ ದೊಡ್ಡದು. ದೋಣಿ ನಡೆಸುತ್ತಿದ್ದವನು ಅತ್ತೆಯ ತಂಗಿಯ ಮಗ. ಅವನು ತಲೆ ಕೆರೆದುಕೊಂಡು ನಿಂತ. ಅತ್ತೆ ಡ್ರಮ್ಮನ್ನು ಎರಡು ಸಲ ಸುತ್ತಿ ಬಂದು, ಬಾಯಿ ಮೇಲೆ ಮಾಡಿ ನೀರಿಗೆ ನೂಕಿ ಎಂದರು. ತೇಲಿತು. ಗ್ಯಾಸು ಹೊರಗೆ ಬರಲು ಬಿಟ್ಟ ತೂತು ಈಗ ತಳದಲ್ಲಿತ್ತಲ್ಲ, ಅದಕ್ಕೆ ಬಟ್ಟೆಯ ಉಂಡೆಗೆ ಹಲಸಿನ ಮೇಣ ಬಳಿದು ತುರುಕಿದರು. ಆ ಬೆಣೆ ಮೇಲೆದ್ದು ಬರದ ಹಾಗೆ ಯಾರಾದರೂ ಒಳಗೆ ಕೂತು ಒತ್ತಿ ಹಿಡಿಯಬೇಕಿತ್ತು. ಯಾರೂ ಮುಂದೆ ಬರಲಿಲ್ಲ. ಅತ್ತೆ ಸೀರೆ ಎತ್ತಿ ಕಟ್ಟಿ ಒಳಗೆ ಇಳಿದರು.

"ದೊಡ್ಡಮ್ಮ, ನೀವು ಮುಳುಗಿದ್ರೆ ಮನೇಲಿ ನಾನು ಎಂತ ಹೇಳ್ಲಿ?" ಎಂದ ದೋಣಿಯವನು.

"ಮೊದ್ಲು ಡ್ರಮ್ಮು ದಡಕ್ಕೆ ಹಾಕು. ಆಮೇಲೆ ನನ್ನ ಹುಡುಕು."

ಅವನು ಹಗ್ಗ ಕಟ್ಟಿ ಮುಂದೆ ದೋಣಿ ನಡೆಸಿದ. ಹಿಂದೆ ಡ್ರಮ್ಮು ಗಿರ್ರನೆ ತಿರುಗುತ್ತಾ ಬಂತು. ಒಳಗೆ ಅಡ್ಡ ಕಂಬಿ ಹಿಡಿದು, ಹಿಮ್ಮಡಿಯಲ್ಲಿ ತೂತು ಒತ್ತಿಕೊಂಡು ಅತ್ತೆ. ನಾವು ದಡದಲ್ಲಿ ನಿಂತು ನೋಡಿದರೆ ಒಮ್ಮೆ ಅವರ ಮುಖ, ಒಮ್ಮೆ ಬೆನ್ನು, ಒಮ್ಮೆ ಮುಖ, ಒಮ್ಮೆ ಬೆನ್ನು. ಇಳಿದ ಮೇಲೆ ತಲೆ ಸುತ್ತಿ ಕೂತು ವಾಂತಿ ಮಾಡಿದರು. ಬಾಯಿ ತೊಳೆದುಕೊಂಡು ಡ್ರಮ್ಮಿಗೆ ಎಲ್ಲಾದರೂ ಪೆಟ್ಟಾಗಿದೆಯೋ ನೋಡು ಎಂದರು.

ಗುಂಡಿ ಮೊದಲ ಸಲ ತುಂಬಲು ಬೆಟ್ಟದಷ್ಟು ಸಗಣಿ ಬೇಕು. ನಮ್ಮ ಕೊಟ್ಟಿಗೆಯದು ಮೂಲೆಗೂ ಸಾಲುತ್ತಿರಲಿಲ್ಲ. ಅತ್ತೆ ಊರಿಗೆಲ್ಲ ಮುಯ್ಯಿ ಕರೆದರು. ಗ್ರಾಮಸೇವಕರು ಒಂದೇ ಮಾತು ಹೇಳಿ ಹೋಗಿದ್ದರು: ಶುದ್ಧ ಸಗಣಿ ಇರಬೇಕು.

ಶುದ್ಧ ಎಂದ ಮೇಲೆ ಕೇಳಬೇಕೇ? ಊರವರೆಲ್ಲ ಬೆಳಿಗ್ಗೆ ಎದ್ದು ತಲೆಗೆ ನೀರು ಹೊಯ್ದುಕೊಂಡರು. ಎಮ್ಮೆ ಸಗಣಿ ಬೇಡ, ದನದ್ದೇ ಆಗಬೇಕು ಎಂದು ಎಮ್ಮೆಯದನ್ನು ಬೇರೆ ಮಾಡಿದರು. ಹೊರಗೆ ಕೂತ ಹೆಂಗಸರು ಆ ಕಡೆ ಸುಳಿಯಲಿಲ್ಲ. ಬುಟ್ಟಿಗೆ ಅರಿಸಿನ ಕುಂಕುಮ ಹಚ್ಚಿ, ಮೆರವಣಿಗೆಯ ಹಾಗೆ ಹೊತ್ತು ತಂದು ಗುಂಡಿಗೆ ಸುರಿದರು. ತುದಿಮನೆ ಮಾವನೂ ತಂದರು. ಗುಡ್ಡ ನೀರಿಗೆ ಇಳಿಯುವ ಕೊನೆಯಲ್ಲಿ ಅವರ ಮನೆ, ನಮಗೆ ದೂರದ ಸಂಬಂಧ. ಮುಳುಗಡೆಯಲ್ಲಿ ಎಲ್ಲರಿಗಿಂತ ಹೆಚ್ಚು ಗದ್ದೆ ಕಳೆದುಕೊಂಡವರು. ಸರ್ಕಾರದ ಹೆಸರು ಹೇಳಿದರೆ ಉಗುಳುವ ಮನುಷ್ಯ. ಅವರು ಬುಟ್ಟಿ ಇಳಿಸಿ, ಇದು ನಿನ್ನ ಗುಂಡಿಗೆ, ಸರ್ಕಾರದ ಡ್ರಮ್ಮಿಗಲ್ಲ ಎಂದು ಅತ್ತೆಗೆ ಹೇಳಿ ಹೋದರು.

ಗುಂಡಿ ತುಂಬಿತು. ವಾರ ಕಳೆಯಿತು, ತಿಂಗಳು ಕಳೆಯಿತು. ಡ್ರಮ್ಮು ಏಳಲಿಲ್ಲ. ಒಂದು ಕಡೆ ವಾಲಿಕೊಂಡು ಕುಡುಕನ ಹಾಗೆ ನಿಂತಿತು. ಜನ ನೋಡಲು ಬಂದು, ಅಜ್ಜಿ, ಅನ್ನ ಬೆಂದಿತಾ ಎಂದು ಕೇಳಿ ಹೋಗುತ್ತಿದ್ದರು.

ಗ್ರಾಮಸೇವಕರು ಬಂದು ಉದ್ದ ಕೋಲು ಹಾಕಿ ಕೆದಕಿದರು. ಕೋಲಿನ ತುದಿಗೆ ಎಲೆ ಬಂತು. ಇನ್ನೊಮ್ಮೆ ಹಾಕಿದರು. ಮತ್ತೂ ಎಲೆ. ಒಳಗೆ ಚಾಪೆಯ ಹಾಗೆ ಹೆಪ್ಪುಗಟ್ಟಿತ್ತು. ನಮ್ಮಲ್ಲಿ ಕೊಟ್ಟಿಗೆಗೆ ದಿನಾ ಸೊಪ್ಪು ಹಾಸುತ್ತೇವಲ್ಲ, ದನ ತುಳಿದು ಗೊಬ್ಬರ ಆಗಲಿ ಎಂದು. ಸಗಣಿ ಎಂದರೆ ಸೊಪ್ಪು ಸೇರಿದ್ದೇ ನಮಗೆ ಸಗಣಿ. ಅದನ್ನು ಯಾರೂ ಅಶುದ್ಧ ಎಂದುಕೊಂಡಿರಲಿಲ್ಲ.

"ಶುದ್ಧ ಅಂದ್ರೆ ಸೊಪ್ಪು ಇಲ್ಲದ್ದು ಅಮ್ಮಾ," ಎಂದರು ಗ್ರಾಮಸೇವಕರು. "ಎಮ್ಮೆದಾದ್ರೂ ಆಗ್ತಿತ್ತು."

"ಸೊಪ್ಪು ಅನ್ನೋಕೆ ನಿಮ್ಮ ನಾಲಿಗೆಗೆ ಎಂತ ಆಗಿತ್ತು ಮಾರಾಯ್ರೆ? ಊರಿಗೆ ಊರೇ ಮೀಯಿಸಿದ್ರಿ."

ಆಗ ಜೋರು ಮಳೆಗಾಲ. ಗುಂಡಿಯಲ್ಲಿದ್ದದ್ದನ್ನೆಲ್ಲ ಹೊರಗೆ ತೆಗೆಯಬೇಕಾಯಿತು. ನಾನು, ನಮ್ಮ ಮನೆಯವರು, ದೋಣಿಯವನು ಬಕೆಟ್ಟಿನಲ್ಲಿ ಮೊಗೆದು ಗದ್ದೆಗೆ ಹಾಕಿದೆವು. ವಾಸನೆ ಹೇಳುವ ಹಾಗಿರಲಿಲ್ಲ. ನಮ್ಮ ಮನೆಯವರು ಮೂರನೇ ದಿನ ಬಕೆಟ್ಟು ಎಸೆದು, ಡ್ರಮ್ಮನ್ನು ಮಾರಿ ಹಾಕೋಣ ಎಂದರು. ಅತ್ತೆ ಗುಂಡಿಯ ಕಟ್ಟೆಯ ಮೇಲೆ ಮಳೆಗೆ ಎಲೆಯ ಗೊರಬು ಹೊದ್ದು ಕೂತಿದ್ದರು. ಆಯ್ತು, ಮುಂದೆ ಎಂತ ಎಂದು ಈ ಸಲ ಕೇಳಲಿಲ್ಲ. ಎದ್ದು ಬಂದು, ಮಗ ಎಸೆದ ಬಕೆಟ್ಟು ಹಿಡಿದು ತಾವೇ ಇಳಿಯಲು ಹೊರಟರು. ನಮ್ಮ ಮನೆಯವರು ಬಾಯಿಗೆ ಬಂದ ಹಾಗೆ ಬೈಯುತ್ತಾ ಬಕೆಟ್ಟು ಕಿತ್ತುಕೊಂಡು ಮತ್ತೆ ಇಳಿದರು.

ಎರಡನೇ ಸಲ ಅತ್ತೆ ಮನೆಮನೆಗೆ ಹೋಗಿ ಮುಯ್ಯಿ ಕರೆದರು. ಈ ಸಲ ಕೇಳುವುದು ಕಷ್ಟ ಇತ್ತು. ಸೊಪ್ಪಿಲ್ಲದ ಸಗಣಿ ಬೇಕೆಂದರೆ ಅವರ ಕೊಟ್ಟಿಗೆಗೆ ಒಂದು ವಾರ ಸೊಪ್ಪು ಹಾಸಬಾರದು. ದನ ತಣ್ಣನೆ ನೆಲದ ಮೇಲೆ ಮಲಗಬೇಕು, ಆ ವಾರದ ಗೊಬ್ಬರ ಹೋಯಿತು ಎಂದೇ ಲೆಕ್ಕ. ಆದರೂ ಕೊಟ್ಟರು. ಒಂದು ಮನೆಯೂ ತಪ್ಪಲಿಲ್ಲ. ತುದಿಮನೆ ಮಾವನೂ ಉಗುಳುತ್ತಲೇ ಹೊತ್ತು ತಂದರು. ಮೊದಲನೇ ಸಲದ್ದು ಲೆಕ್ಕಕ್ಕಿಲ್ಲ ಎಂದರು ಎಲ್ಲರೂ. ಅತ್ತೆ ಒಪ್ಪಲಿಲ್ಲ. ಹೊತ್ತದ್ದು ಹೊತ್ತದ್ದೇ, ಎರಡು ಸಲ ಹೊತ್ತಿದ್ದೀರಿ, ಎರಡು ಸಲ ತೀರಿಸುತ್ತೇನೆ ಎಂದರು.

ಡ್ರಮ್ಮು ಎದ್ದಿತು. ಒಲೆ ಹಚ್ಚಿದ ದಿನ ಗ್ರಾಮಸೇವಕರು ಕಡ್ಡಿ ಗೀರಿ ಹಿಂದೆ ಸರಿದರು. ನೀಲಿ ಉರಿ. ಅತ್ತೆಗೆ ಇದ್ದ ಒಂದು ಕಣ್ಣಿಗೆ ಅದು ಕಾಣಲಿಲ್ಲ. ಎಲ್ಲಿ ಬೆಂಕಿ ಎಂದು ಕೇಳಿದರು. ಅಂಗೈ ಮುಂದೆ ಮಾಡಿ, ಬಿಸಿ ತಾಗಿದ ಮೇಲೆ ಅನ್ನದ ಪಾತ್ರೆ ಇಟ್ಟರು. ಊಟಕ್ಕೆ ಕೂತ ನಮ್ಮ ಮನೆಯವರು ಅನ್ನಕ್ಕೆ ಹೊಗೆಯ ರುಚಿಯೇ ಇಲ್ಲ ಎಂದರು.

"ಹೊಗೆ ಬೇಕಾದ್ರೆ ಬೀಡಿ ಸೇದು," ಎಂದರು ಅತ್ತೆ.

ಒಲೆಯ ಮೇಲಿನ ಗೋಡೆಗೆ ಅದೇ ಗ್ಯಾಸಿನಲ್ಲಿ ಉರಿಯುವ ಒಂದು ಮ್ಯಾಂಟಲ್ ದೀಪವನ್ನೂ ಹಾಕಿದರು. ಅದರ ಬೆಳಕಿಗೆ ಆಚೀಚೆ ಮನೆಯ ಹೆಂಗಸರು ಅಕ್ಕಿ ಆರಿಸಲು ಬಂದು ಕೂರತೊಡಗಿದರು. ಅವರು ಬಂದದ್ದು ಬೆಳಕಿಗೆ. ಅತ್ತೆ ಅವರನ್ನು ನೋಡುತ್ತಿದ್ದದ್ದು ಬೇರೆ ಲೆಕ್ಕದಲ್ಲಿ. ಗ್ಯಾಸಿನ ಗುಂಡಿಗೆ ಹೊತ್ತ ಸಗಣಿಯನ್ನು ಹೇಗೆ ತೀರಿಸುವುದು? ಅವರ ಗೊಬ್ಬರದ ಗುಂಡಿಗೆ ಒಂದು ಬುಟ್ಟಿ ಹಾಕಿ ಬಂದರೆ ಅದು ಮುಯ್ಯಿ ಅಲ್ಲ. ಗ್ಯಾಸಿಗೆ ಗ್ಯಾಸೇ ಆಗಬೇಕು. ಅವರ ಮನೆಯಲ್ಲಿ ಗುಂಡಿಯೇ ಇಲ್ಲದಿದ್ದರೆ ತುಂಬುವುದು ಎಲ್ಲಿಗೆ?

ಹಾಗೆ ಶುರುವಾಯಿತು ನೋಡಿ. ಎಲ್ಲರ ಮನೆಯಲ್ಲೂ ಗುಂಡಿ ತೆಗೆಸದೆ ಅವರಿಗೆ ಬಿಡುಗಡೆ ಇರಲಿಲ್ಲ. ಬೆಳಿಗ್ಗೆ ಗಂಜಿ ಕುಡಿದು ಕೋಲು ಹಿಡಿದು ಹೊರಟರೆ ಯಾರದಾದರೂ ಹಿತ್ತಿಲಲ್ಲಿ ನಿಂತಿರುತ್ತಿದ್ದರು. ನನ್ನ ಮುಯ್ಯಿ ಯಾವಾಗ ತಗೊಳ್ತೀರಿ ಎಂದು ಸಾಲ ಕೊಟ್ಟವರ ಹಾಗೆ ಜಬರ್ದಸ್ತಿ ಮಾಡುತ್ತಿದ್ದರು, ತೀರಿಸಬೇಕಾದವರು ಅವರೇ ಆಗಿದ್ದರೂ. ದನ ಕಡಿಮೆ ಇದ್ದ ಮನೆಗಳನ್ನು ಜೋಡಿ ಮಾಡಿ ಒಂದೇ ಗುಂಡಿ ತೆಗೆಸಿದರು. ಕೊಟ್ಟಿಗೆಯನ್ನು ಅರ್ಧ ಮಾಡಿ ಒಂದು ಕಡೆ ಕಲ್ಲು ಹಾಸಿ, ಒಂದು ಕಡೆ ಸೊಪ್ಪು ಹಾಸಲು ಹೇಳಿದರು. ಗ್ಯಾಸಿಗೂ ಆಯಿತು, ಗದ್ದೆಗೂ ಆಯಿತು. ಕಲಿಸುವಾಗ ನಾಲಿಗೆ ಚೂಪು. ಕಲಸಿದ ಸಗಣಿಯಲ್ಲಿ ಒಂದು ಎಲೆ ಕಂಡರೂ ಎತ್ತಿ, ಇದು ಯಾರ ಮದುವೆಯ ತೋರಣ ಎಂದು ಕೇಳುತ್ತಿದ್ದರು. ಹೆಂಗಸರು ಹಿಂದಿನಿಂದ ಬೈಯುತ್ತಿದ್ದರು, ಎಲೆಯನ್ನೂ ಆರಿಸುತ್ತಿದ್ದರು. ಒಂದೊಂದೇ ಮನೆಯ ಗುಂಡಿ ಮುಗಿದ ಹಾಗೆ ನಾವು ಬುಟ್ಟಿ ಹೊತ್ತು ಎರಡು ಸಲ ಹೋಗಿ ಬರುತ್ತಿದ್ದೆವು.

ಉಳಿದದ್ದು ತುದಿಮನೆ. ಅತ್ತೆ ಎಷ್ಟು ಸಲ ಹೋದರೋ. ಒಂದು ಸಲ ನಾನೂ ಜೊತೆಗಿದ್ದೆ. ಮಾವ ಜಗಲಿಯಲ್ಲಿ ಕೂತು ಬಲೆ ಹೆಣೆಯುತ್ತಿದ್ದರು.

"ಮುಳುಗಿಸಿದವರ ಕೈಯಿಂದ ಬೆಂಕಿ ತಗೊಳ್ಳೋನಲ್ಲ ನಾನು," ಎಂದರು.

"ಗುಂಡಿ ನಿಂದು ಭಾವ. ದನ ನಿಂದು, ಸಗಣಿ ನಿಂದು. ಅದ್ರಲ್ಲಿ ಸರ್ಕಾರದ್ದು ಎಂತ ಇದೆ?"

"ಡ್ರಮ್ಮು."

ಅತ್ತೆ ಕೋಲು ಹಿಡಿದು ಎದ್ದರು. ಡ್ರಮ್ಮಿಗೆ ಸರ್ಕಾರದ ಸಹಾಯಧನ ಬರುತ್ತಿದ್ದದ್ದು ನಿಜ. ದಾರಿಯಲ್ಲಿ ಬರುವಾಗ, ಹಠಮಾರಿ ಮುದುಕ ಎಂದು ಒಂದು ಸಲ ಬೈದರು. ನನಗೆ ಬಂದ ನಗುವನ್ನು ಹೇಗೋ ನುಂಗಿಕೊಂಡೆ.

ಕೆಲವು ವರ್ಷಗಳ ಮೇಲೆ ಹೊಸನಗರದ ಕಡೆಯ ನೆಂಟರ ಹುಡುಗಿಯ ಮದುವೆ ತೀರ್ಥಹಳ್ಳಿಯ ಹತ್ತಿರ ಆಯಿತು. ಧಾರೆಯ ಹೊತ್ತಿಗೆ ಅತ್ತೆ ಚಪ್ಪರದಲ್ಲಿ ಇಲ್ಲ. ಹುಡುಕಿದರೆ ಗಂಡಿನ ಮನೆಯ ಹಿತ್ತಿಲಲ್ಲಿ ರೇಷ್ಮೆ ಸೀರೆ ಉಟ್ಟುಕೊಂಡು ಮಣ್ಣಿನ ಮೇಲೆ ಕೂತಿದ್ದಾರೆ. ಅವರ ಮುಂದೆ ನೆಲದಿಂದ ಸ್ವಲ್ಪ ಎದ್ದ ಇಟ್ಟಿಗೆಯ ಗುಮ್ಮಟ, ಅದರ ನೆತ್ತಿಯಿಂದ ಪೈಪು. ಡ್ರಮ್ಮಿಲ್ಲದ ಹೊಸ ನಮೂನೆಯ ಗ್ಯಾಸು. ಆ ಮನೆಯ ಯಜಮಾನರನ್ನು ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಿದ್ದರು. ಗಂಡಿನ ಅಪ್ಪ ಧಾರೆಗೆ ಹೋಗಬೇಕು, ಬಿಡಿ ಎಂದು ನಾನು ಹೇಳಬೇಕಾಯಿತು. ಕಬ್ಬಿಣ ಎಲ್ಲೂ ಇಲ್ಲವಂತೆ ಕಣೆ, ಬರೀ ಇಟ್ಟಿಗೆ ಸಿಮೆಂಟು ಎಂದರು. ಮದುಮಗಳ ಮುಖ ಅವರು ನೋಡಲೇ ಇಲ್ಲ.

ಊರಿಗೆ ಬಂದ ಮೇಲೆ ಮನೆಗೂ ಹೋಗದೆ ದೋಣಿಯಿಂದ ನೇರ ತುದಿಮನೆಗೆ ಹೋದರು. ಡ್ರಮ್ಮು ಇಲ್ಲ, ಸಹಾಯ ತಗೊಳ್ಳುವುದು ಬೇಡ, ಇಟ್ಟಿಗೆ ನೀನೇ ಸುಡು, ಮೇಸ್ತ್ರಿಯನ್ನು ನಾನು ಕರೆಸುತ್ತೇನೆ ಎಂದರು. ಮಾವ ಬಲೆ ಹೆಣೆಯುತ್ತಲೇ ಇದ್ದರು. ಆದರೆ ಆ ಬೇಸಿಗೆಯಲ್ಲಿ ಅವರ ಹಿತ್ತಿಲಿನಿಂದ ಇಟ್ಟಿಗೆ ಗೂಡಿನ ಹೊಗೆ ಎದ್ದದ್ದನ್ನು ನಾವೆಲ್ಲ ನೋಡಿದೆವು. ಅತ್ತೆ ಅಂಗಳದಲ್ಲಿ ನಿಂತು ಅದರ ವಾಸನೆ ಹಿಡಿದು, ಹಸಿ ಸುಡ್ತಿದ್ದಾನೆ, ಬಿರಿತಾವೆ ಎಂದರು. ನಿಜವಾಗಿಯೂ ಬಿರಿದವು. ಮಾವ ಮತ್ತೊಂದು ಗೂಡು ಸುಟ್ಟರು.

ಅಷ್ಟು ಹೊತ್ತಿಗೆ ಅತ್ತೆಗೆ ಎದೆನೋವು ಹಿಡಿದಿತ್ತು. ಹೊಗೆ ಕುಡಿದ ವರ್ಷಗಳು ಒಳಗೆ ಕೂತಿದ್ದವಲ್ಲ, ಹೊಗೆ ನಿಂತ ಮೇಲೂ ಕೆಮ್ಮು ನಿಲ್ಲಲಿಲ್ಲ. ಹಾಸಿಗೆ ಹಿಡಿದರು. ಸೌಟು ನನ್ನ ಕೈಗೆ ಬಂತು. ಅವರು ದಿನಾ ಕೇಳುತ್ತಿದ್ದದ್ದು ಒಂದೇ, ತುದಿಮನೆ ಗುಂಡಿ ಎಲ್ಲಿಗೆ ಬಂತು? ಗೋಡೆ ಎದ್ದಿದೆ ಎಂದೆ. ಗುಮ್ಮಟ ಮುಚ್ಚುತ್ತಿದ್ದಾರೆ ಎಂದೆ. ಸಿಮೆಂಟು ಒಣಗಬೇಕಂತೆ ಎಂದೆ. ಆ ದಿನ ಅವರು ಗೋಡೆ ಕಡೆ ತಿರುಗಿ, "ಅವನ ಸಿಮೆಂಟೂ ಹಠಮಾರಿ," ಎಂದರು. ಅದೇ ಕೊನೆಯ ಸರಿಯಾದ ಮಾತು. ಎರಡು ದಿನ ಬಿಟ್ಟು ಬೆಳಿಗ್ಗೆ ಕಾಫಿ ಕೊಡಲು ಹೋದರೆ ಉಸಿರು ಇರಲಿಲ್ಲ.

ಊರಿಗೆ ಊರೇ ಬಂತು. ಮಳೆ ಇಲ್ಲದ ದಿನವಾದ್ದರಿಂದ ಕೆಲಸ ಬೇಗ ಮುಗಿಯಿತು. ಎಲ್ಲರೂ ಹೋದ ಮೇಲೆ ತುದಿಮನೆ ಮಾವ ಬೇಲಿಯ ಹತ್ತಿರ ನಿಂತಿದ್ದರು. ನಾನು ಅಲ್ಲಿಗೆ ಹೋದೆ.

"ಸಿಮೆಂಟು ಒಣಗಿತ್ತು ಮಾರಾಯ್ತಿ," ಎಂದರು. "ನಾಳೆ ಹೇಳಿ ಕಳ್ಸೋಣ ಅಂತಿದ್ದೆ. ಈಗ ಬಿಡು. ಕೊಡೋಳೇ ಹೋದ್ಲು, ಮುಯ್ಯಿ ತೀರಿತು ಅಂದ್ಕ."

ಹಾಗೆ ತೀರುವುದಾಗಿದ್ದರೆ ಅತ್ತೆ ಇಷ್ಟು ವರ್ಷ ಯಾಕೆ ಒದ್ದಾಡಬೇಕಿತ್ತು? ನಾನು ಒಳಗೆ ಬಂದೆ.

ಮರುದಿನ ಬೆಳಕು ಹರಿಯುವ ಹೊತ್ತಿಗೆ ಕೊಟ್ಟಿಗೆಯ ಕಲ್ಲು ಹಾಸಿದ ಕಡೆಯ ಸಗಣಿ ಬಾಚಿ ಬುಟ್ಟಿಗೆ ತುಂಬಿದೆ. ನಮ್ಮ ಮನೆಯವರು ಬಾಗಿಲಲ್ಲಿ ನಿಂತು, ಸೂತಕದಲ್ಲಿ ಇನ್ನೊಬ್ಬರ ಮನೆಗೆ ಹೊರಟಿದ್ದೀಯಲ್ಲ, ಜನ ಎಂತ ಅಂತಾರೆ ಎಂದರು. ಸೂತಕ ಕಳೆಯಲು ಮನೆ ಸಾರಿಸುವುದು ಎಂತದರಿಂದ ಎಂದು ಕೇಳಿದೆ. ಅವರು ಬಾಗಿಲಿಂದ ಇಳಿದು ಬಂದರು. ಬುಟ್ಟಿಯನ್ನು ನನ್ನ ತಲೆಗೆ ಏರಿಸಿ ಕೊಟ್ಟರು.

ತುದಿಮನೆಯ ಮೆಟ್ಟಿಲು ನಾನು ಹತ್ತಲಿಲ್ಲ, ಅಂಗಳವನ್ನೂ ತುಳಿಯಲಿಲ್ಲ. ಗುಂಡಿ ಹಿತ್ತಿಲಿನಲ್ಲಿತ್ತು. ನೀರಿನ ಅಂಚು ಹಿಡಿದು ಸುತ್ತಿ ಹೋದೆ. ಮಾವ ಹಲ್ಲುಜ್ಜುತ್ತಾ ನಿಂತಿದ್ದರು. ಬಿಂದಿಗೆಯಲ್ಲಿ ನೀರು ತಂದು ಸಗಣಿ ಕಲಸುವ ತೊಟ್ಟಿಗೆ ಹೊಯ್ದರು. ನಾನು ಸಗಣಿ ಸುರಿದು, ಮೊಣಕೈ ತನಕ ಕೈ ಹಾಕಿ ಕಲಸಿ, ಒಳಗೆ ಬಿಟ್ಟೆ. ಅದು ಇಳಿದುಹೋಗುವ ತನಕ ನಾವಿಬ್ಬರೂ ನೋಡುತ್ತಾ ನಿಂತೆವು. ಆಮೇಲೆ ಬುಟ್ಟಿ ಕೊಡವಿ, ಎರಡನೇ ಸಲದ್ದನ್ನು ತರಲು ಮನೆಗೆ ಹೊರಟೆ.